ಸ್ಟ್ಯಾಂಡಿನಲ್ಲೇ ಉಳಿದ ರಕ್ತ

ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ಆರು ಜನರ ಹಿಮ್ಮಡಿಗೆ ಸೂಜಿ ಬಿದ್ದಾಗಿತ್ತು. ಆ ಆರೂ ಜನರ ರಕ್ತದ ಟ್ಯೂಬ್‌ಗಳು ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿದ್ದವು.

ಅರ್ಜುಮಂದ ಮತ್ತೊಮ್ಮೆ ಎಣಿಸಿದಳು. ಶಹಾಪುರದ ಆ ಖಾಸಗಿ ದವಾಖಾನೆಯ ಲ್ಯಾಬಿಗೆ ಅವಳು ಸೇರಿ ನಾಲ್ಕು ದಿನವಾಗಿತ್ತು. ರೋಗಿಯ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ಹಳದಿ ತಿಳಿಯನ್ನು ಡಾಕ್ಟರ ಕೈಗೆ ಕೊಡುವುದು ಅವಳ ಕೆಲಸ. ಅದನ್ನು ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಿಡಿಯುವ ದಪ್ಪ ನರದ ಸುತ್ತ ಚುಚ್ಚಿದರೆ ಹಳೆಯ ನೋವು ಹೋಗುತ್ತದೆಂದು ಹೊರಗಿನ ಬೋರ್ಡು ಹೇಳುತ್ತಿತ್ತು: ‘ನಿಮ್ಮ ರಕ್ತವೇ ನಿಮ್ಮ ಔಷಧ’. ಅದರಿಂದ ಎಷ್ಟು ಗುಣವಾಗುತ್ತದೆ ಎಂಬುದರಲ್ಲಿ ತಿಳಿದವರಲ್ಲೇ ಒಮ್ಮತವಿಲ್ಲ. ಇಲ್ಲಿ ಆ ಪ್ರಶ್ನೆಯೇ ಏಳುವಂತಿರಲಿಲ್ಲ. ಮೇಜಿನ ಮೇಲೆ ಆರು ಖಾಲಿ ಶೀಷೆಗಳಿದ್ದವು. ಸ್ಟೆರಾಯ್ಡ್.

“ಸರ್, ಟ್ಯೂಬ್ ಇಲ್ಲೇ ಅವಲ್ರಿ?”

“ಕೆಂಪು ಡಬ್ಬಿಗಿ ಹಾಕು,” ಎಂದರು ಡಾಕ್ಟರ್ ಸುನೀಲಕುಮಾರ, ಕೈ ತೊಳೆಯುತ್ತಲೇ.

“ಆದ್ರ ಅವರ ರಗತಾನೇ ಹಾಕ್ತೀವಂತ...”

“ಇಲ್ಲಿ ಕೇಳಮ್ಮ. ಸರ್ಕಾರಿ ದವಾಖಾನ್ಯಾಗ ಮೆಟ್ಟಿಲ ತುದಿಗಿ ನಿಂತು ಹಿಮ್ಮಡಿ ಏರ್ಸು, ಇಳ್ಸು, ಮೂರು ತಿಂಗಳು ಮಾಡು ಅಂತಾರ. ಈ ಮಂದಿ ಮಾಡ್ತದೇನು? ಸೂಜಿ ಹಾಕದಾಂವ ಇವರಿಗಿ ಡಾಕ್ಟರೇ ಅಲ್ಲ. ಬ್ಯಾನಿ ಹೋಗ್ಯಾದೋ ಇಲ್ಲೋ, ಅವರನ್ನೇ ಕೇಳು.”

ಬ್ಯಾನಿ ಹೋಗಿತ್ತು. ತೊಗರಿ ಬೇಳೆ ಮಿಲ್ಲಿನ ಹಮಾಲ, ಸಗರದ ಶಿವಶರಣ ಬಾಗಿಲಲ್ಲಿ ಕಾಲನ್ನು ನೆಲಕ್ಕೆ ಬಡಿದು ತೋರಿಸಿದ. ಅವನಿಗದು ಎರಡನೇ ಸೂಜಿ. “ನೋಡವ್ವ, ನನ್ನ ರಗತದ ಕಸುವು! ನಾಳಿ ಲಾರಿ ಲೋಡ್ ಅದ.”

ಅಡಗಿದ್ದು ನೋವು ಮಾತ್ರ, ಸ್ಟೆರಾಯ್ಡ್‌ಗೆ ನರ ಇನ್ನೂ ಸಡಿಲಾಗಬಹುದು, ಚೀಲ ಹೊರಬೇಡಿ ಎಂಬ ಮಾತು ಅವಳ ಗಂಟಲಿನವರೆಗೆ ಬಂತು. ನೌಕರಿ ನೆನಪಾಯಿತು. “ಸಾವಕಾಶ ಹೋಗ್ರಿ ಕಾಕಾ,” ಎಂದಷ್ಟೇ ಅಂದು, ಟ್ಯೂಬ್‌ಗಳನ್ನು ಕಸದ ಕೆಂಪು ಡಬ್ಬಿಗೆ ಹಾಕಿದಳು.

ಎರಡು ವಾರದ ನಂತರದ ಭಾನುವಾರ ಶಿವಶರಣ ಜೊತೆಗಾರ ಹಸನಸಾಬನ ಹೆಗಲಿಗೆ ಜೋತುಬಿದ್ದು ಬಂದ. ಬಲಪಾದ ನೆಲಕ್ಕೆ ಊರುತ್ತಿರಲಿಲ್ಲ.

“ಚೀಲ ಹೊತ್ತು ಲಾರಿ ಹಲಗಿ ಏರಾಕತ್ತಿದ್ದೆ. ಯಾರೋ ಹಿಂದಿಂದ ಒದ್ದಂಗಾತು. ಇವನೇ ಒದ್ದಾನಂತ ತಿರುಗಿ ಬೈದೆ.”

“ನಾ ಹತ್ತು ಮಾರು ದೂರ ಚಾ ಕುಡ್ಯಾಕತ್ತಿದ್ದೆ. ನಮ್ಮವ್ವನ ತನಕ ಬೈದಾನ್ರಿ,” ಎಂದ ಹಸನಸಾಬ.

ಡಾಕ್ಟರು ಮೀನಖಂಡ ಹಿಚುಕಿದರು. ಪಾದ ಅಲುಗಲಿಲ್ಲ. ನರ ಹರಿದಿತ್ತು.

“ಕಲಬುರಗಿಗಿ ಹೋಗಿ ಆಪರೇಷನ್ ಮಾಡ್ಸು. ನಿನ್ನ ರಗತದಾಗೇ ಕಸುವಿಲ್ಲ, ನಾ ಏನು ಮಾಡ್ಲಿ?”

ಶಿವಶರಣ ತಲೆ ತಗ್ಗಿಸಿದ. “ತಂಬಾಕ ತಿಂತೀನ್ರಿ. ಅದಕ್ಕೇ ಕೆಟ್ಟಿರಬೇಕು. ತಪ್ಪು ನಂದೇ.”

ಹರಿದ ನರಕ್ಕಿಂತ ಆ ತಗ್ಗಿದ ತಲೆಯನ್ನು ನೋಡುವುದು ಅರ್ಜುಮಂದಳಿಗೆ ಕಷ್ಟವಾಯಿತು.

“ಕಾಕಾ, ನಿಮ್ಮ ರಗತಕ್ಕ ಏನೂ ಆಗಿಲ್ಲ. ಅದು ನಿಮ್ಮ ಕಾಲಿಗಿ ಹೋಗೇ ಇಲ್ಲ. ನಾನೇ ಕಸಕ್ಕ ಹಾಕೀನಿ. ನಿಮಗ ಹಾಕಿದ್ದು ಸ್ಟೆರಾಯ್ಡ್, ಬ್ಯಾನಿ ಮುಚ್ಚೋ ಔಷಧ. ಗೊತ್ತಿದ್ದೂ ನಾ ಬಾಯಿ ಬಿಡಲಿಲ್ಲ.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಂಬತ್ತು ಜನರಿಗೂ ಅದು ಕೇಳಿಸಿತು. “ತಲಿ ಕೆಟ್ಟಾದ ಈಕಿಗಿ,” ಎಂದು ಡಾಕ್ಟರು ನಕ್ಕರು. ಅವಳು ಬಿಳಿ ಕೋಟು ಕಳಚಿ ಗೂಟಕ್ಕೆ ತೂಗುಹಾಕಿ, ಶಿವಶರಣನ ಇನ್ನೊಂದು ತೋಳಿಗೆ ತನ್ನ ಹೆಗಲು ಕೊಟ್ಟಳು. ಮೂವರೂ ಆಟೋ ಕಡೆ ನಡೆದರು.

ಬೆಂಚಿನಿಂದ ಇಬ್ಬರು ಎದ್ದು ಹೋದರು. ಉಳಿದ ಏಳು ಜನರಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ಸೂಜಿ ಬಿತ್ತು. ಆ ದಿನ ಅವರ ರಕ್ತ ತೆಗೆಯಲು ಯಾರೂ ಇರಲಿಲ್ಲ.