ಎರಡು ಸಾಲು ಹೊಲಿಗೆ

ಹೊಳೆ ನೋಡೋದಕ್ಕೂ ಚೀಟಿ ತಗೋಬೇಕು. ಸರ್ಕಾರದ ಹೊಳೆ ಅದು.

ಗೇಟಿನ ಗಾರ್ಡು ಪ್ರಕಾಶನ ಮೊಬೈಲಲ್ಲಿದ್ದ ಬುಕಿಂಗ್ ನೋಡಿದ, ಪ್ರಕಾಶನನ್ನು ನೋಡಿದ, ಆಮೇಲೆ ಅವನ ಹಿಂದೆ ಟಿಫನ್ ಕ್ಯಾರಿಯರಿಗೆ ಸೆರಗು ಮುಚ್ಚಿಕೊಂಡು ನಿಂತಿದ್ದ ಅವನ ಅವ್ವ ತಿಪ್ಪಮ್ಮನನ್ನು ನೋಡಿದ. ಸಾಲಾಗಿ ನಿಂತ ಕಾರುಗಳ ಮಧ್ಯೆ, ತರೀಕೆರೆ ಬಸ್ಸಿಳಿದು ಎರಡು ಮೈಲಿ ನಡೆದು ಬಂದ ಗಿರಾಕಿಗಳು ಇವರಿಬ್ಬರೇ.

"ನಾಲ್ಕನೇ ಟೆಂಟು. ಇಬ್ರೇನಾ?"

"ಯಾಕೆ? ಟೆಂಟಲ್ಲಿ ಮಲಗೋರ ಮುಖ ಬ್ಯಾರೆ ತರ ಇರ್ತದಾ?" ಅಂದ ಪ್ರಕಾಶ.

"ನಾನೇನಪ್ಪಾ ಅಂದೆ ಈಗ? ಆ ಚೀಲದಲ್ಲಿ ಏನೈತೆ?"

"ಬಟ್ಟೆ."

ಗೊಬ್ಬರದ ಚೀಲ, ಬಾಯಿಗೆ ದಾರ ಬಿಗಿದಿತ್ತು. ಬಿಚ್ಚು ಅನ್ನುತ್ತಾನೇನೋ ಅಂತ ಪ್ರಕಾಶ ಅದನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಗಾರ್ಡು ಕೈ ಬೀಸಿ ಒಳಗೆ ಬಿಟ್ಟ.

"ಕಂಡೋರ ಮೇಲೆಲ್ಲ ಹಾರಾಡ್ಬೇಡ ಕಣೋ," ಅಂದಳು ತಿಪ್ಪಮ್ಮ. "ಒಂದು ವರ್ಷದಿಂದ ನೋಡ್ತಾ ಇವ್ನಿ. ಬೀದಿ ನಾಯಿ ಅಡ್ಡ ಬಂದ್ರೂ ಅದ್ಕೊಂದು ನ್ಯಾಯ ಕೇಳ್ತೀಯ."

ಒಂದು ವರ್ಷ. ಹೋದ ದೀಪಾವಳಿ ಕಳೆದ ಮೇಲಿನ ಭಾನುವಾರ, ಇದೇ ಕ್ಯಾಂಪಿನಲ್ಲಿ, ಇದೇ ಭದ್ರಾ ಹೊಳೆಯಲ್ಲಿ, ಪ್ರಕಾಶನ ಅಣ್ಣ ಯೋಗಾನಂದ ಸತ್ತಿದ್ದ. ಐದು ವರ್ಷದಿಂದ ಇಲ್ಲಿ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವನು. ನೆಂಟರು ಮಿತ್ರರ ಜೊತೆ ಬಂದವರನ್ನು ಕೂರಿಸಿಕೊಂಡು ನಡುಹೊಳೆಗೆ ಹೋಗಿ, ತೆಪ್ಪವನ್ನು ಬುಗುರಿಯ ಹಾಗೆ ತಿರುಗಿಸಿ, ಅವರು ಕಿರುಚಿದರೆ ತಾನೂ ಕಿರುಚಿ ನಗುತ್ತಿದ್ದವನು. ಆವತ್ತು ತೆಪ್ಪ ಬಂಡೆಗೆ ಬಡಿದು ಮಗುಚಿತು. ಬಂದಿದ್ದ ಐದು ಜನರೂ ಲೈಫ್ ಜಾಕೆಟ್ ಹಾಕಿದ್ದರು, ತೇಲಿ ದಡ ಸೇರಿದರು. ಯೋಗಾನಂದ ಹಾಕಿರಲಿಲ್ಲ. ಮೀನಿನಂಗೆ ಈಜುತ್ತಿದ್ದ, ನಿಜ. ಆದರೆ ಬಂಡೆ ತಲೆಗೆ ಬಡಿದಮೇಲೆ ಈಜು ಯಾರ ಕೈಗೆ ಸಿಗುತ್ತೆ?

'ಸಿಬ್ಬಂದಿಯ ಸ್ವಂತ ನಿರ್ಲಕ್ಷ್ಯ' ಅಂತ ಕಾಗದದಲ್ಲಿ ಬರೆದರು. ಆ ಕಾಗದ ಹಿಡಿದುಕೊಂಡು ಪ್ರಕಾಶ ತರೀಕೆರೆಯ ಆಫೀಸುಗಳ ಮುಂದೆ ಕೂಗಾಡಿದ. ಅಜ್ಜಂಪುರದ ಟೀ ಅಂಗಡೀಲಿ ಕೂಗಾಡಿದ. ಬೀರೂರು ಸ್ಟೇಷನ್ನಿನಲ್ಲಿ ಯಾರೋ ಈ ಕ್ಯಾಂಪಿಗೆ ಹೋಗೋ ದಾರಿ ಕೇಳಿದರು ಅಂತ ಅವರ ಮೇಲೇ ಏರಿ ಹೋದ. "ಕೊಂದವರು ಅವರೇ ಕಣ್ರೀ! ನಮ್ಮಣ್ಣ ಜಾಕೆಟ್ ಇಲ್ದೆ ನೀರಿಗೆ ಇಳಿಯೋನಲ್ಲ!" ಜನ ಅಯ್ಯೋ ಪಾಪ ಅಂದರು. ಹುಡುಗನಿಗೆ ಅಣ್ಣನ ಮೇಲೆ ಎಷ್ಟು ಪ್ರಾಣ ಅಂದರು.

ಆ ಜನಕ್ಕೆ ಚೀಲದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ.

ಪ್ರಕಾಶ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಜ್ಜಂಪುರದಲ್ಲಿ ಕುಷನ್ ಅಂಗಡಿ ಇಟ್ಟಿದ್ದ. ಟ್ರ್ಯಾಕ್ಟರ್ ಸೀಟು, ಬೈಕಿನ ಸೀಟು, ಆಟೋದ ಹುಡ್ಡು, ಏನೇ ಹರಿದರೂ ಹೊಲಿಯುತ್ತಿದ್ದ. ಸಾಯೋದಕ್ಕೆ ಹತ್ತು ದಿನ ಮುಂಚೆ ಯೋಗಾನಂದ ಪಟ್ಟಿ ಕಿತ್ತುಹೋದ ಮೂರು ಜಾಕೆಟ್ ತಂದು ಮಿಷಿನ್ನಿನ ಮೇಲೆ ಹಾಕಿದ. "ಕ್ಯಾಂಪಲ್ಲಿ ಜಾಕೆಟ್ ಸಾಲ್ತಾ ಇಲ್ಲ ಕಣೋ. ಪಟ್ಟಿಗೆ ಎರಡು ಸಾಲು ಹೊಲಿಗೆ ಹಾಕು, ಸಾಕು." ಹಾಗೆ ಅಂದು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಅಂಗಡೀಲಿ ಗಿರಾಕಿಗಳಿದ್ದರು. ಅವರ ಮುಂದೆ ನಗುತ್ತಾ, "ಓದು ಅಂತೂ ಹತ್ತಲಿಲ್ಲ, ಹೊಲಿಗೇನಾದ್ರೂ ನೆಟ್ಟಗೆ ಹಾಕಪ್ಪಾ" ಅಂದ.

ತಮಾಷೆ ಅದು. ಅಣ್ಣ ಅನ್ನೋನು ಹಂಗೇ ಅನ್ನೋದು. ಪ್ರಕಾಶನಿಗೆ ಮಾತ್ರ ಮೆಣಸಿನಕಾಯಿ ಅರೆದು ಹಚ್ಚಿದಂಗಾಯ್ತು. ಜಾಕೆಟ್‌ಗಳನ್ನು ಮಿಷಿನ್ನಿನ ಕೆಳಗೆ ಕಾಲಲ್ಲಿ ಒತ್ತಿದ. ಯೋಗಾನಂದ ಎರಡು ಸಲ ಫೋನ್ ಮಾಡಿದ, ಒಂದು ಸಲ ಬಾಗಿಲಿಗೇ ಬಂದ. ಮೂರು ಸಲವೂ ಹೊಲಿಯೋ ಕಸುಬಿನವರೆಲ್ಲ ಹೇಳೋ ಮಾತನ್ನೇ ಪ್ರಕಾಶ ಹೇಳಿದ: "ನಾಳೆ ಬಾ." ಹಿಂದಿನ ಕಾಲದಲ್ಲಿ ದೆವ್ವ ಒಳಗೆ ಬರಬಾರದು ಅಂತ ಮನೆ ಬಾಗಿಲಿಗೆ ಹಂಗೆ ಬರೀತಿದ್ದರಂತೆ. ಇವನು ಬದುಕಿದ್ದ ಅಣ್ಣನಿಗೆ ಹೇಳಿದ.

ಭಾನುವಾರ ಕ್ಯಾಂಪಿಗೆ ಜನ ಜಾಸ್ತಿ ಬಂದರು. ಜಾಕೆಟ್ ಒಂದು ಕಡಿಮೆ ಬಿತ್ತು. ಯೋಗಾನಂದ ತನ್ನದನ್ನು ಬಿಚ್ಚಿಕೊಟ್ಟ.

ಇದನ್ನು ಪ್ರಕಾಶ ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅಂತ ಬಾಯಿ ತೆಗೆದಾಗಲೆಲ್ಲ ಬೈಗುಳ ಬರುತ್ತಿತ್ತು. ಈಗ ಚೀಲ ಹೊತ್ತು ತಂದಿದ್ದು, ಅವ್ವ ಕಾಣದಂಗೆ ಎಲ್ಲಾದರೂ ಇಟ್ಟು ಹೋಗೋಣ ಅಂತ.

ತಿಪ್ಪಮ್ಮನದು ಬೇರೆಯದೇ ಕಳ್ಳತನ. ಅವರ ಮನೆ ಬೌದ್ಧರ ಮನೆ. ರೈಲ್ವೆ ಗ್ಯಾಂಗಿನಲ್ಲಿ ದುಡಿದು ರಿಟೈರಾದ ಅವಳ ಗಂಡ ಗಿರಿಯಪ್ಪ, ಇಪ್ಪತ್ತು ವರ್ಷದ ಹಿಂದೆಯೇ ದೀಕ್ಷೆ ತಗೊಂಡು ತಿಥಿ, ಎಡೆ, ಕಾಗೆ ಎಲ್ಲಕ್ಕೂ ಬಾಗಿಲು ಹಾಕಿದ್ದ. ಮಗನ ವರ್ಷಕ್ಕೆ ಹಾಸ್ಟೆಲ್ ಮಕ್ಕಳಿಗೆ ಪುಸ್ತಕ ಹಂಚಿ, ಮನೇಲಿ ಬುದ್ಧವಂದನೆ ಮಾಡಿಸಿದ. ತಿಪ್ಪಮ್ಮ ಕೂತು ಕೈ ಮುಗಿದಳು. ಆಮೇಲೆ ತರೀಕೆರೆಯ ತಂಗಿ ವನಜಾಕ್ಷಿ ಮನೆಗೆ ಹೋಗಿಬತ್ತೀನಿ ಅಂತ ಸುಳ್ಳು ಹೇಳಿ ಹೊರಟಳು. ಬಸ್ಸಿನಲ್ಲಿ ಪ್ರಕಾಶನಿಗೆ ಅಂದಿದ್ದಳು: "ನಿಮ್ಮಪ್ಪನ ಬುದ್ಧನ್ನ ನಾನು ಬ್ಯಾಡ ಅಂದಿಲ್ಲ ಕಣೋ. ಆದ್ರೆ ನನ್ನ ಮಗ ಅಲ್ಲಿ ಹಸ್ಕೊಂಡು ಕೂತಿದ್ರೆ? ಪುಸ್ತಕ ತಿಂತಾನಾ?"

ಹೊಳೆ ಹತ್ತಿರ ಬೆಳಿಗ್ಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಟೆಂಟ್ ಹಿಡಿದವರಿಗೆ ಮಾತ್ರ. ಅದಕ್ಕೇ ಟೆಂಟು.

"ಸಂತೇಲಿ ಬಳೆ ಮಾರೋರ ಗುಡಾರ ಇದ್ದಂಗೈತೆ," ಅಂತ ತಿಪ್ಪಮ್ಮ ಬಗ್ಗಿ ಒಳಹೊಕ್ಕಳು. ಜಿಪ್ಪನ್ನು ಎರಡು ಸಲ ಎಳೆದು ನೋಡಿದಳು. "ದುಡ್ಡು ಕೊಟ್ಟು ಇದ್ರಲ್ಲಿ ಮಲಗ್ತಾರಾ ಜನ? ಮನೆ ಇಲ್ವಾ ಇವರಿಗೆ?" ಟೆಂಟಿನ ಬಾಯಿಂದ ಹೊಳೆ ಕಾಣುತ್ತಿತ್ತು. ಆಚೆ ದಡದ ಕಾಡು ನೀರಲ್ಲಿ ತಲೆಕೆಳಗಾಗಿ ನಿಂತಿತ್ತು, ಹಸಿರಿನ ಮೇಲೆ ಸಂಜೆಯ ಬಿಸಿಲು. ಚೆಂದ. ಆ ಚೆಂದವನ್ನೇ ಪ್ರಕಾಶನಿಗೆ ತಡೆಯೋಕಾಗಲಿಲ್ಲ. ಒಬ್ಬನನ್ನು ತಿಂದ ಮೇಲೂ ಇಷ್ಟು ಚೆಂದವಾಗಿ ಹರಿಯೋಕೆ ನಾಚಿಕೆ ಬೇಡವಾ?

ಅಡುಗೆಯ ಲಕ್ಕಣ್ಣ ಗುರುತು ಹಿಡಿದು ಓಡಿಬಂದ. ಯೋಗಾನಂದನ ಜೊತೆ ಒಂದೇ ತಟ್ಟೇಲಿ ಉಂಡವನು. "ತಿಪ್ಪಕ್ಕಾ," ಅಂದ, ಹೆಗಲ ಟವಲಲ್ಲಿ ಕಣ್ಣೊರೆಸಿಕೊಂಡ. ತಿಪ್ಪಮ್ಮನೇ ಅವನ ಬೆನ್ನು ಸವರಿದಳು. "ಬೆಳಿಗ್ಗೆ ಎಡೆ ಇಡ್ಬೇಕು ಕಣಪ್ಪ. ಎಲ್ಲಿ ಅಂತ ತೋರಿಸು." ಲಕ್ಕಣ್ಣ ಹೊಳೆಮತ್ತಿ ಮರದ ಕೆಳಗಿನ ಹಾಸುಬಂಡೆ ತೋರಿಸಿದ. "ಇಲ್ಲೇ ಎಳೆದು ಮಲಗಿಸಿದ್ವಿ."

ಕತ್ತಲಾಗೋ ಹೊತ್ತಿಗೆ ಬೆಂಕಿ ಹಾಕಿ ಬಂದವರನ್ನೆಲ್ಲ ಸುತ್ತ ಕೂರಿಸಿದರು. ಸುದೀಪ್ ಅನ್ನೋ ಹೊಸ ಸೂಪರ್‌ವೈಸರ್, ಎಳೇ ವಯಸ್ಸಿನವನು, ನಿಯಮ ಓದಿದ. ಕಸ ಬಿಸಾಕಬಾರದು. ಜಾಕೆಟ್ ಇಲ್ಲದೆ ನೀರಿಗೆ ಇಳಿಯಬಾರದು. ಪ್ರಾಣಿ ಪಕ್ಷಿಗಳಿಗೆ ತಿನ್ನೋಕೆ ಏನೂ ಹಾಕಬಾರದು. ತಿಪ್ಪಮ್ಮ ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡಳು.

ಬೆಳಿಗ್ಗೆ, ಹೊಳೆಯ ಮೇಲೆ ಇನ್ನೂ ಮಂಜು ಇದ್ದಾಗ, ಇಬ್ಬರೂ ಬಂಡೆಗೆ ಬಂದರು. ಅವ್ವ ಕೇಳಿದ್ದಕ್ಕೆ ಪ್ರಕಾಶ ಬಾಯಿಗೆ ಬಂದ ಸುಳ್ಳು ಹೇಳಿ ಚೀಲವನ್ನೂ ಹೊತ್ತು ತಂದಿದ್ದ. ತಿಪ್ಪಮ್ಮ ಮುತ್ತುಗದ ಎಲೆ ಹಾಸಿ ಮುದ್ದೆ ಇಟ್ಟಳು, ಕೋಳಿಸಾರು ಬಿಟ್ಟಳು, ಪಕ್ಕದಲ್ಲಿ ಎರಡು ಚಕ್ಕುಲಿ, ಒಂದು ಬನ್ನು. ಕೈ ಮುಗಿದು ಹಿಂದೆ ಸರಿದಳು. ಕಾಗೆ ಮುಟ್ಟಿದರೆ ಸತ್ತವನು ಉಂಡ ಅಂತ. ಮುಟ್ಟದಿದ್ದರೆ ಅವನ ಮನಸ್ಸಲ್ಲಿ ಏನೋ ಉಳಿದಿದೆ ಅಂತ. ಏನು ಉಳಿದಿದೆಯೋ ಅದನ್ನು ಇರೋರು ಬಾಯಿಬಿಟ್ಟು ಹೇಳಿ ಮಾತು ಕೊಡಬೇಕು.

ಒಂದು ಕಾಗೆ ಬಂತು. ಬಂಡೆಯ ತುದೀಲಿ ಕೂತು ಕತ್ತು ಓರೆ ಮಾಡಿ ಎಲೆ ನೋಡಿತು. ಮುಟ್ಟಲಿಲ್ಲ. ಹಾರಿ ಮರಕ್ಕೆ ಹೋಯಿತು.

"ಪ್ರಜ್ಞಾಳ ನರ್ಸಿಂಗ್ ಬಿಡಿಸಲ್ಲ ಕಣಪ್ಪ," ಅಂದಳು ತಿಪ್ಪಮ್ಮ, ಮರದ ಕಡೆ ನೋಡಿ. "ನಿನ್ನ ತಂಗಿ ಓದ್ತಾಳೆ. ಬಾ, ಉಣ್ಣು."

ಕಾಗೆ ಅಲುಗಲಿಲ್ಲ.

"ನಿನ್ನ ಬೈಕು ಮಾರಿಲ್ಲ. ಒರೆಸಿ ಇಟ್ಟಿವ್ನಿ. ಮಾರೋದೂ ಇಲ್ಲ, ಬಾ."

ಕಾಗೆ ರೆಕ್ಕೆ ಕೊಡವಿತು, ಅಷ್ಟೇ.

"ಇನ್ನೇನೋ ಬೇಕು ನಿಂಗೆ? ಹೇಳೋ ಯೋಗಾ, ನನ್ನಪ್ಪಾ, ಅವ್ವಂಗೆ ಹೇಳೋ." ಪ್ರಕಾಶನಿಗೆ ಆ ಕಾಗೆ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಕಲ್ಲು ತಗೊಂಡು ಬೀರಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಸುದೀಪ್ ಇಳಿದು ಬಂದ. "ಅಮ್ಮಾ, ರಾತ್ರಿನೇ ಹೇಳಿದ್ನಲ್ಲ, ಇದೆಲ್ಲ ಇಲ್ಲಿ ಹಾಕಂಗಿಲ್ಲ. ತೆಗೀರಿ."

ಪ್ರಕಾಶ ಅವನ ಕೊರಳಪಟ್ಟಿ ಹಿಡಿದ. "ತೆಗೀತೀನಿ ಕಣೋ, ನಿನ್ನ ಹಲ್ಲು ತೆಗೀತೀನಿ! ನಮ್ಮಣ್ಣನ್ನ ಕೊಂದು, ಈಗ ಒಂದು ತುತ್ತು ಅನ್ನಕ್ಕೂ ರೂಲ್ಸು ಹೇಳ್ತೀಯಾ? ಜಾಕೆಟ್ ಕೊಡೋ ಯೋಗ್ಯತೆ ಇರ್ಲಿಲ್ಲ ನಿಮಗೆ!"

ಇವರು ಯಾರು ಅಂತ ಸುದೀಪನಿಗೆ ಆಗ ಗೊತ್ತಾಯ್ತು. ಬಿಡಿಸಿಕೊಳ್ಳಲೂ ಇಲ್ಲ. "ನಾನು ಬಂದು ಆರು ತಿಂಗ್ಳು ಸರ್," ಅಂದ ಮೆಲ್ಲಗೆ. "ಆವಾಗ ಜಾಕೆಟ್ ಕಡಿಮೆ ಇದ್ವಂತೆ, ಹೌದು. ಯಾರೂ ತರಿಸಿರಲಿಲ್ಲ. ಮೂರು ರಿಪೇರಿಗೆ ಹೋಗಿದ್ವು, ವಾಪಸ್ಸೇ ಬರಲಿಲ್ವಂತೆ. ಯಾವನೋ ಟೈಲರು ನಾಳೆ ನಾಳೆ ಅಂತ ಆಡಿಸಿಬಿಟ್ಟನಂತೆ."

ಪ್ರಕಾಶನ ಕೈ ಸಡಿಲವಾಯ್ತು.

"ಯಾವ ಟೈಲರು?" ಅಂದಳು ತಿಪ್ಪಮ್ಮ.

"ಗೊತ್ತಿಲ್ಲಮ್ಮ. ಯೋಗಾನಂದ ಅವರೇ ಕೊಟ್ಟಿದ್ದಂತೆ. ಹೆಸರು ಹೇಳಿರಲಿಲ್ವಂತೆ."

ಹೇಳಿರಲಿಲ್ಲ. ಅಷ್ಟೊಂದು ಜನರ ಮುಂದೆ ತಮ್ಮನ ಹೆಸರು ಹೇಳದೆ ಅಣ್ಣ ನೀರಿಗೆ ಇಳಿದಿದ್ದ. ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಪ್ರಕಾಶನಿಗೂ ಅದು ಗೊತ್ತಿತ್ತು. ಅವನು ಕೂತು ಚೀಲದ ದಾರ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಹಲ್ಲಲ್ಲಿ ಕಚ್ಚಿ ಹರಿದ. ಕೇಸರಿ ಬಣ್ಣದ ಮೂರು ಜಾಕೆಟ್ ಬಂಡೆಯ ಮೇಲೆ ಬಿದ್ದವು.

"ನಾನೇ ಅವ್ವ."

ತಿಪ್ಪಮ್ಮನಿಗೆ ತಕ್ಷಣ ತಿಳಿಯಲಿಲ್ಲ. ಅವನು ಎಲ್ಲ ಹೇಳಿದ. ಗಿರಾಕಿಗಳ ಮುಂದೆ ಅಣ್ಣ ಆಡಿದ ಮಾತು, ತನಗೆ ಬಂದ ಸಿಟ್ಟು, ಮಿಷಿನ್ನಿನ ಕೆಳಗೆ ಒತ್ತಿದ್ದು, ನಾಳೆ ಬಾ ಅಂದಿದ್ದು. ಸುದೀಪ್ ಎರಡು ಹೆಜ್ಜೆ ಹಿಂದೆ ಸರಿದು ನೆಲ ನೋಡುತ್ತ ನಿಂತ.

ತಿಪ್ಪಮ್ಮ ಒಂದು ಜಾಕೆಟ್ ಎತ್ತಿಕೊಂಡಳು. ಪಟ್ಟಿಯ ಮೇಲೆ ಬೆರಳಾಡಿಸಿದಳು. ನೈಲಾನ್ ದಾರ, ಎರಡು ಸಾಲು, ಒಂದು ಕಡೆಯೂ ಸೊಟ್ಟಗಿರಲಿಲ್ಲ.

"ಯಾವಾಗ ಹೊಲ್ದೆ?"

"ಹನ್ನೊಂದ್ನೇ ದಿನ. ಅಂಗಡಿ ಬಾಗ್ಲು ಹಾಕ್ಕೊಂಡು."

"ಎಷ್ಟೊತ್ತು ಹಿಡೀತು?"

ಪ್ರಕಾಶ ಅವಳ ಕೈಯನ್ನೇ ನೋಡಿದ. ಹೊಡಿ ಅವ್ವ, ಚಪ್ಪಲಿ ತಗೊಂಡು ಹೊಡಿ, ಅದನ್ನೊಂದು ಕೇಳಬೇಡ.

"ಹತ್ತು ನಿಮಿಷ."

ಅವಳು ಹೊಡೆಯಲಿಲ್ಲ. ಅಳಲೂ ಇಲ್ಲ. ಜಾಕೆಟನ್ನು ಕೂಸಿನ ಬಟ್ಟೆ ಮಡಿಸುವಂಗೆ ಮಡಿಸಿಟ್ಟಳು. ಆಮೇಲೆ ಅಂದಳು, "ನಿಮ್ಮಪ್ಪಂಗೆ ಹೇಳ್ಬೇಡ. ದೇವರಿಲ್ಲ, ದೆವ್ವ ಇಲ್ಲ, ಕಾಗೆ ಇಲ್ಲ ಅಂತ ಬದುಕ್ತಾ ಇರೋ ಮನುಷ್ಯ. ಮಗ ಅನ್ನೋನು ಒಬ್ಬ ಉಳಿದವ್ನೆ ಅಂತ ನಂಬ್ಕೊಂಡವ್ನೆ. ಅದೊಂದಿರ್ಲಿ ಅವನಿಗೆ."

ಕಾಗೆ ಯಾವಾಗ ಹಾರಿಹೋಯಿತೋ, ಮರ ಖಾಲಿ ಇತ್ತು. ಎಡೆ ಇಟ್ಟದ್ದು ಇಟ್ಟಂಗೇ ಇತ್ತು. ತಿಪ್ಪಮ್ಮ ಎಲೆ ಎತ್ತಿಕೊಂಡು ಮೊಣಕಾಲುದ್ದ ನೀರಿಗೆ ಇಳಿದು ಬಿಟ್ಟಳು. ಸುದೀಪ್ ತಡೆಯಲಿಲ್ಲ. ಎಲೆ ಸ್ವಲ್ಪ ದೂರ ಹೋಗಿ ಮುಳುಗಿತು.

ಬಿಸಿಲೇರಿದ ಮೇಲೆ ತೆಪ್ಪ ಹೊರಟಿತು. ಸುದೀಪ್ ಆ ಮೂರು ಜಾಕೆಟನ್ನೂ ಉಳಿದವುಗಳ ಜೊತೆ ಗೂಟಕ್ಕೆ ನೇತುಹಾಕಿದ್ದ. ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗಿ ಅದರಲ್ಲೊಂದನ್ನು ತಗೊಂಡು ಹಾಕಿಕೊಂಡಳು. ಪ್ರಕಾಶ ಓಡಿಹೋಗಿ ಮಂಡಿಯೂರಿ ಪಟ್ಟಿಯನ್ನು ಜಗ್ಗಿ ನೋಡಿದ. ಇನ್ನೊಮ್ಮೆ ಜಗ್ಗಿದ.

"ಅಂಕಲ್, ನೋಯ್ತದೆ," ಅಂದಳು ಹುಡುಗಿ.

"ಬಿಗಿ ಇರ್ಲಿ ಪುಟ್ಟಿ. ಬಿಚ್ಚಬೇಡ. ಯಾರು ಕೇಳಿದ್ರೂ ಬಿಚ್ಚಿ ಕೊಡಬೇಡ."

ತೆಪ್ಪ ನಡುಹೊಳೆಗೆ ಹೋಗಿ ತಿರುಗಿತು. ಮಕ್ಕಳು ಕಿರುಚಿದರು. ಅದು ದಡಕ್ಕೆ ವಾಪಸ್ ಬರೋವರೆಗೂ ಪ್ರಕಾಶ ನಿಂತ ಜಾಗ ಬಿಟ್ಟು ಕದಲಲಿಲ್ಲ. ತಿರುಗಿ ನೋಡಿದರೆ ಅವ್ವ ಖಾಲಿ ಕ್ಯಾರಿಯರ್ ಹಿಡಿದು ಗೇಟಿನ ಕಡೆ ನಡೆದುಬಿಟ್ಟಿದ್ದಳು.

ತರೀಕೆರೆ ಬಸ್ಸಿನಲ್ಲಿ ಅವನು ಹತ್ತೋ ಹೊತ್ತಿಗೆ ಅವಳು ಕಿಟಕಿ ಪಕ್ಕ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಕ್ಯಾರಿಯರ್ ಇಟ್ಟಿದ್ದಳು.

"ಯಾರಾದ್ರೂ ಬತ್ತಾರಾ ಇಲ್ಲಿ?" ಅಂದ ಕಂಡಕ್ಟರು.

"ಬತ್ತಾರೆ," ಅಂದಳು ತಿಪ್ಪಮ್ಮ, ಕಿಟಕಿಯಿಂದ ಮುಖ ತೆಗೆಯದೆ.

ಅವಳು ಕ್ಯಾರಿಯರ್ ಎತ್ತಲಿಲ್ಲ, ಪ್ರಕಾಶ ಕಂಬಿ ಹಿಡಿದು ನಿಂತ. ಆ ಸೀಟಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿತ್ತು. ಬಸ್ಸು ಕುಲುಕಿದಾಗಲೆಲ್ಲ ಕ್ಯಾರಿಯರ್ ಒಳಗಿನ ಡಬ್ಬಿಗಳು ಸದ್ದು ಮಾಡುತ್ತಿದ್ದವು. ತರೀಕೆರೆ ಬರೋವರೆಗೂ ಅವನು ಆ ಹರಿದ ಜಾಗವನ್ನೇ ನೋಡುತ್ತಿದ್ದ. ಎರಡು ಸಾಲು ಹೊಲಿಗೆ ಹಾಕಿದ್ದರೆ ಸಾಕಿತ್ತು.