ಗೋಡೆಯಿಲ್ಲದ ಹನಿ

ಸಿಂಧನೂರಿನ ಕಾಲೇಜೊಂದರ ಕರಿಹಲಗೆಯ ಮೇಲೆ ಮಹಾಲಕ್ಷ್ಮಿ ನರದ ತುದಿಯೊಂದನ್ನು ಬರೆದಳು. ಅದರೊಳಗೆ ನವಣೆ ಕಾಳಿನಂಥ ಚೀಲಗಳು. ಪಕ್ಕದ ನರಕ್ಕೆ ಮುಟ್ಟಬೇಕಾದ ರಾಸಾಯನಿಕ ಸುದ್ದಿ ಆ ಚೀಲಗಳಲ್ಲಿದೆ. ಅವನ್ನು ಒಂದೆಡೆ ಹಿಡಿದಿಡುವುದು ಪ್ರೋಟೀನುಗಳ ಹನಿ, ಸಾರಿನ ಮೇಲೆ ಎಣ್ಣೆ ಕೂಡಿಕೊಂಡ ಹಾಗೆ, ಎಂದಳು.

"ಸುತ್ತ ಗ್ವಾಡಿನೇ ಇಲ್ಲಂದ್ರ ಹೆಂಗ ನಿಂತಾವ್ರೀ ಮೇಡಂ?" ಮುಕ್ಕುಂದ ಊರಿನ ವಿದ್ಯಾರ್ಥಿನಿ ಶೈಲಜಾ ಕೇಳಿದಳು.

"ಒಂದನ್ನೊಂದು ಹಿಡಕೊಂಡು ನಿಂತಾವ. ಇದನ್ನ ಬಿಟ್ಟು ಅದನ್ನ ಹಿಡೀತಾವ. ಗ್ವಾಡಿ ಬೇಕಾಗಿರೋದು ನಮಗ, ಅವಕ್ಕಲ್ಲ."

ತರಗತಿ ನಕ್ಕಿತು. ಹನಿ ಒಡೆದರೆ ಏನಾಗುತ್ತದೆಂದೂ ಹೇಳಿದಳು. ನರದ ಬಾಗಿಲಲ್ಲೇ ನಿಂತಿದ್ದ ಚೀಲಗಳು ಸುದ್ದಿ ಚೆಲ್ಲುತ್ತವೆ. ಹಿಂದಿನವು ಚದುರಿಹೋಗಿರುತ್ತವೆ. ಮೊದಲ ಮಾತು ಹೊರಡುತ್ತದೆ, ಅದರ ಬೆನ್ನಿಗೆ ಬರಬೇಕಾದವು ಬರುವುದಿಲ್ಲ.

ಮಹಾಲಕ್ಷ್ಮಿ ಗುರುಗುಂಟಾದ ಮಾದಿಗರ ಕೇರಿಯ ಕರೆಮ್ಮನ ಮಗಳು. ಬಾಡಿಗೆ ಖೋಲಿ ಕೇಳಲು ಪಾರ್ವತೆಮ್ಮನ ಮನೆಗೆ ಹೋದ ದಿನ ಸೋಮವಾರವಿತ್ತು. ಮಸ್ಕಿಯ ಬೆಟ್ಟದ ಗುಡಿಯಿಂದ ನೇರ ಬಂದಿದ್ದಳು, ಹಣೆಯಲ್ಲಿ ವಿಭೂತಿ. ಮುದುಕಿ ಅದನ್ನು ನೋಡಿ ಜಾತಿ ಕೇಳದೆ ಕೀಲಿಕೈ ಕೊಟ್ಟಿದ್ದಳು. ಮಹಾಲಕ್ಷ್ಮಿಯೂ ಹೇಳಲಿಲ್ಲ. ಅದಕ್ಕೂ ಮೊದಲು ಹೇಳಿದ ಮೂರು ಕಡೆಯೂ ಬಾಗಿಲು ಮುಚ್ಚಿದ್ದವು.

ನಾಲ್ಕು ತಿಂಗಳಾಯಿತು. ಗೆಳತಿಯರನ್ನು ಕರೆಯಲಿಲ್ಲ. ಅವ್ವ ಬರುತ್ತೇನೆಂದಾಗಲೆಲ್ಲ ಪರೀಕ್ಷೆ ಐತಿ ಅಂದಳು. ಒಬ್ಬಳೇ ರೊಟ್ಟಿ ಬಡಿದು, ಒಬ್ಬಳೇ ಉಂಡು, ಕೆಳಗಿನ ಮನೆಯ ನಗು ಕೇಳುತ್ತ ಕೂತಳು.

ಅಂದು ಸಂಜೆ ಪಾರ್ವತೆಮ್ಮ ಮೆಟ್ಟಿಲ ಬುಡದಿಂದ ಕೂಗಿದಳು. ಸೋಮವಾರ, ಮನೆಯವರೆಲ್ಲ ಲಿಂಗಸುಗೂರಿಗೆ ಹೋಗ್ಯಾರ, ಇಷ್ಟಲಿಂಗ ತಗೊಂಡು ಬಾ, ಕೂಡೇ ಪೂಜಿ ಮಾಡಿ ಉಣ್ಣೋಣು ಎಂದಳು.

ಬರಿಗೈಯಲ್ಲಿ ಇಳಿದಳು. ಎರಡು ತಾಟು, ಎರಡು ಮಣೆ. ಎರಡನೆಯ ತಾಟು ನೋಡಿ ಕೂರದೆ ನಿಂತಳು.

"ಲಿಂಗ ಊರಾಗ ಬಿಟ್ಟು ಬಂದೀಯೇನವ್ವ?"

ಹೂಂ ಅಂದರೆ ಸಾಕಿತ್ತು. ಖೋಲಿ ಉಳಿಯುತ್ತಿತ್ತು, ಊಟವೂ.

"ನನಗ ಲಿಂಗ ಇಲ್ರೀ ಅಮ್ಮ. ನಾ ಮಾದಿಗರಾಕಿ."

ಪಾರ್ವತೆಮ್ಮ ಚೀರಲಿಲ್ಲ. ಬಡಿಸಿದ್ದ ತಾಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. "ಮದ್ಲೇ ಹೇಳಬೇಕಿತ್ತವ್ವ. ತಿಂಗಳು ತುಂಬೂತನ ಇರು. ಮಂದಿ ಮುಂದ ಮಾತ್ರ ಇದನ್ನ ಅನಬ್ಯಾಡ."

ಮೊದಲೇ ಹೇಳಿದ್ದರೆ ಬಾಗಿಲು ತೆಗೆಯುತ್ತಿದ್ದಿರೇನು? ನಾಲ್ಕು ತಿಂಗಳ ವಿಭೂತಿ ಒಂದು ಮಾತಿಗೆ ಅಳಿಸಿಹೋಯಿತೇ? ಕೇಳಬೇಕಾದದ್ದು ಬೆಟ್ಟದಷ್ಟಿತ್ತು. ಬೆನ್ನಿಗೆ ಒಬ್ಬರೂ ಇರಲಿಲ್ಲ. ಒಂದೂ ಬಾಯಿಗೆ ಬರಲಿಲ್ಲ.

ಮೇಲೆ ಬಂದು ಫೋನ್ ಮಾಡಿದಳು. "ಅವ್ವ, ನಾಳೆ ಬಾ."

ಮಗಳು ಕೊನೆಗೂ ಖೋಲಿ ನೋಡಲು ಕರೆದಳೆಂದು ಕರೆಮ್ಮ ಹಿಗ್ಗಿದಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ತರಲೋ, ಮನೆಯೊಡತಿಗೂ ಒಂದಿಷ್ಟು ಕಟ್ಟಲೋ ಎಂದು ಕೇಳುತ್ತಲೇ ಇದ್ದಳು.

"ಹಿಂಡಿ ನಮಗಷ್ಟೇ ಸಾಕು. ಖಾಲಿ ಚೀಲ ಎರಡು ತಗೊಂಡು ಬಾ. ಸಾಮಾನು ಇಬ್ಬರೂ ಹೊರೂನು."

"ಮದ್ಲಿನ ಬಸ್ಸಿಗೇ ಬರ್ತೀನಿ," ಅಂದಳು ಅವ್ವ. ಫೋನ್ ಮಾತ್ರ ಇಡಲಿಲ್ಲ.