ತಿಥಿಯ ಮಾರನೇ ದಿನ ಬಂದವಳು

ಕಡ್ಡಿಯ ತುದಿಗೆ ಹತ್ತಿ, ಕಬ್ಬಿನ ಸೂಲಂಗಿ ಹೂವಿನ ಹಾಗೆ ಬೆಳ್ಳಗೆ, ಇಷ್ಟಕ್ಕಾ ಕಿರುಗಾವಲಿನಿಂದ ಮಳವಳ್ಳಿ ಠಾಣೆಗೆ ಕರೆಸಿದ್ದು ಅಂದುಕೊಳ್ಳುತ್ತಾನೆ ಚಲುವರಾಜು, ಮೇಜಿನಾಚೆ ಎಸ್ಸೈ ದೀಪಿಕ ಕೈಗವಸು ಹಾಕಿಕೊಳ್ಳುತ್ತಿದ್ದಾಳೆ, ಮಗಳ ವಯಸ್ಸಿನವಳು, ಬಾಯಿ ತೆಗೀರಿ ಯಜಮಾನ್ರೆ, ಕೆನ್ನೆ ಒಳಗೆ ಎರಡು ಸಲ ಉಜ್ಜಿದ್ರೆ ಆಯ್ತು, ಇಷ್ಟ ಇಲ್ದಿದ್ರೆ ಬೇಡ, ಬಲವಂತ ಇಲ್ಲ — ಐವತ್ತೆರಡು ವರ್ಷ ಈ ಬಾಯಿ ಮುಚ್ಚಿಸುವ ಗಂಡು ಊರಲ್ಲಿ ಹುಟ್ಟಿರಲಿಲ್ಲ, ಈಗ ತೆಗೆ ಅಂದರೆ ದವಡೆ ಬಿಗಿದು ಕೂತಿದೆ, ಎದ್ದು ಹೋಗಿಬಿಡಬಹುದು, ಬಾಗಿಲು ಅಲ್ಲೇ ಇದೆ, ಬಾಗಿಲು — ಬೇಡ, ಬಾಗಿಲ ಕಡೆ ನೋಡುವುದು ಬೇಡ. ಮೂಳೆಯ ಕತೆ ಆಗಲೇ ಹೇಳಿ ಮುಗಿಸಿದ್ದಾಳೆ, ಇಪ್ಪತ್ತೊಂದು ವರ್ಷದ ಹಿಂದೆ ನಾಲೆಗೆ ನೀರು ನಿಲ್ಲಿಸಿದಾಗ ಮದ್ದೂರಿನ ಹತ್ತಿರ ಸೇತುವೆಯಡಿಯ ಹೂಳಿನಲ್ಲಿ ಸಿಕ್ಕಿದ್ದು, ಹೆಣ್ಣು, ಇಪ್ಪತ್ತರ ಆಸುಪಾಸು, ಕೇಳಿಕೊಂಡು ಬಂದವರಿಲ್ಲ, ಈಗ ಡಿಎನ್‌ಎ ತೆಗೆದು ನೋಡಿದರೆ ಗೆಜ್ಜಲಗೆರೆಯ ಮರಿಸಿದ್ದಯ್ಯನ ರಕ್ತಕ್ಕೆ ಹತ್ತಿರ ಬಂತಂತೆ, ಕಾಣೆಯಾದ ತಮ್ಮನನ್ನು ಹುಡುಕಲೆಂದು ಮರಿಸಿದ್ದಯ್ಯ ಎಂದೋ ಕೊಟ್ಟಿದ್ದ ರಕ್ತ. ತೀರಾ ಹತ್ತಿರ ಇದೆ, ಅಕ್ಕನೋ ತಂಗಿಯೋ ಇರಬೇಕು ಅಂತ ಎರಡು ವರ್ಷ ಅವನ ಮನೆಯನ್ನೇ ಜಾಲಾಡಿದರಂತೆ, ಪೆದ್ದರು, ಚಲುವರಾಜುವಿನ ಅಪ್ಪ ಸ್ವಂತ ಅಕ್ಕನ ಮಗಳನ್ನೇ ತಂದುಕೊಂಡವನು, ಮರಿಸಿದ್ದಯ್ಯ ಇವನಿಗೆ ಸೋದರಮಾವನೂ ಹೌದು, ಸೋದರತ್ತೆಯ ಮಗನೂ ಹೌದು, ಒಂದೇ ರಕ್ತ ಎರಡು ದಾರಿಯಲ್ಲಿ ಹರಿದು ಬಂದರೆ ಯಂತ್ರಕ್ಕೆ ಏನು ಗೊತ್ತಾಗುತ್ತದೆ.

ಆಮೇಲೆ ನಾಡಕಚೇರಿಯ ವಂಶವೃಕ್ಷಗಳನ್ನೆಲ್ಲ ತರಿಸಿದೆವು ಅಂತಾಳೆ, ಅಗೋ, ಇವನದೂ ಇದೆ, ಅಪ್ಪ, ಅವ್ವ ಯಶೋದಮ್ಮ, ಕೆಳಗೆ ಒಂದೇ ಗೀಟು, ಒಂದೇ ಹೆಸರು, ಚಲುವರಾಜು. ಅಪ್ಪ ಸತ್ತ ಮೇಲೆ ಜಮೀನಿನ ಖಾತೆಗೆಂದು ಬರೆಸಿದ ಕಾಗದ, ಹೆಣ್ಮಕ್ಕಳಿಲ್ವಾ ಅಂತ ಲೆಕ್ಕಿಗ ಕೇಳಿದ್ದ, ಇಲ್ಲ ಬರ್ಕೊಳಿ ಸಾ, ಅಂದಿದ್ದ ಇವನು, ನಾಲಿಗೆ ತಡವರಿಸಿರಲಿಲ್ಲ, ತಿಥಿ ಮಾಡಿ ಎಳ್ಳುನೀರು ಬಿಟ್ಟ ಮೇಲೆ ಮಗಳೆಲ್ಲಿ, ಊರೂ ಸುಮ್ಮನಿತ್ತು. ಎಲ್ಲ ಕವಲಿನ ಹೆಂಗಸರೂ ಇದಾರೆ ಯಜಮಾನ್ರೆ, ಯಾರೂ ಕಾಣೆಯಾಗಿಲ್ಲ, ಆದ್ರೂ ಈ ಮೂಳೆ ನಿಮ್ಮದೇ ವಂಶದ್ದು ಅಂತ ಬರ್ತಿದೆ — ದೀಪಿಕಳ ದನಿ ಮೆತ್ತಗಿದೆ, ಮೆತ್ತಗಿದ್ದಷ್ಟೂ ಇವನಿಗೆ ರೇಗುತ್ತದೆ — ಎಡಗೈ ಮೂಳೆ ಚಿಕ್ಕಂದಿನಲ್ಲೇ ಮುರಿದು ಸೊಟ್ಟಗೆ ಕೂಡ್ಕೊಂಡಿದೆ, ಅಂಥೋರು ಯಾರಾದ್ರೂ ನೆನಪಿದಾರಾ. ಕಬ್ಬಿನ ಗಾಡಿ, ಮೇಲೆ ಕೂತು ಜಲ್ಲೆ ಸೀಳುತ್ತಿದ್ದ ತಂಗಿ ಚಿಕ್ಕತಾಯಿ, ಇಳಿಯೇ ಅಂದರೆ ಇಳಿಯಲಿಲ್ಲ, ಸಿಟ್ಟು ಬಂತು, ತಳ್ಳಿದ, ಬಿದಿರು ದಬ್ಬೆ ಕಟ್ಟಿಸಿದರೂ ಕೈ ನೆಟ್ಟಗಾಗಲಿಲ್ಲ, ಅಣ್ಣ ತಳ್ಳಿದ ಅಂತ ಅವಳು ಯಾರಿಗೂ ಹೇಳಲಿಲ್ಲ, ಜಾರಿ ಬಿದ್ದೆ ಕಣವ್ವ ಅಂದಳು. ಸತ್ತೋರನ್ನ ಯಾಕ್ ಕೆದಕ್ತೀರಿ ಮೇಡಂ, ಬೇರೆ ಕೆಲ್ಸ ಇಲ್ವಾ ನಿಮ್ಗೆ, ಅಂದುಬಿಡುತ್ತಾನೆ, ಠಾಣೆಗೆಲ್ಲ ಕೇಳುವ ಹಾಗೆ. ಅವಳು ಕಡ್ಡಿ ಹಿಡಿದ ಕೈ ಕೆಳಗಿಳಿಸಿ ಇವನನ್ನೇ ನೋಡುತ್ತಾಳೆ, ನಿಮ್ಮನೇಲಿ ಯಾರು ಸತ್ತಿದ್ರು ಯಜಮಾನ್ರೆ.

ಯಾರು ಸತ್ತಿದ್ರು — ಇದನ್ನೇ ಕೇಳಿದ್ದಳಲ್ಲ ಅವಳೂ, ಲಾರಿ ಕ್ಲೀನರ್ ಜೊತೆ ಓಡಿಹೋದವಳು, ಮಾನ ಹೋಯಿತು ಅಂತ ಹುಲ್ಲಿನ ಬೊಂಬೆ ಸುಟ್ಟು ತಿಥಿ ಮಾಡಿದ್ದು ಬುಧವಾರ, ತಲೆ ಬೋಳಿಸಿಕೊಂಡವನು ಇವನೇ, ಅಪ್ಪ ಬೇಡ ಬುಡ್ಲಾ ಅಂದರೂ ಹಟ ಹಿಡಿದವನು ಇವನೇ, ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು, ಸ್ವಲ್ಪ ತೆರೆದರೆ ಚಿಕ್ಕತಾಯಿ, ಕಾಲು ತುಂಬ ಧೂಳು, ಅವ್ನು ಮದ್ದೂರು ಬಸ್‌ಸ್ಟ್ಯಾಂಡಲ್ಲೇ ಬುಟ್ಟು ಓಡೋದ ಕಣಣ್ಣ, ಒಂದ್ ಚೊಂಬು ನೀರು ಕೊಡಣ್ಣ, ಅನ್ನುತ್ತಾ ಇವನ ಬೋಳುತಲೆ ನೋಡಿ ನಿಂತಳು, ಯಾರಣ್ಣ ಸತ್ತಿದ್ದು, ಅಪ್ಪಂಗೇನಾಯ್ತಣ್ಣ. ನೀನೇ ಕಣಮ್ಮಿ ಸತ್ತಿದ್ದು, ಓಗು. ಒಳಗಿನಿಂದ ಅವ್ವ, ಯಾರ್ಲಾ ಅದು, ಯಾರೂ ಇಲ್ಲ ಕಣವ್ವ ಅಂದ ಇವನು, ಮಗಳು ಎಲ್ಲೋ ಮಕ್ಕಳೊಂದಿಗಳಾಗಿ ಚೆನ್ನಾಗಿದ್ದಾಳೆ ಅಂದುಕೊಂಡೇ ಅವ್ವ ಕಣ್ಣು ಮುಚ್ಚಿದಳು. ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಹತ್ತಿ ಕೆನ್ನೆಯೊಳಗೆ ಉಜ್ಜುತ್ತದೆ, ಒಣಗಿದೆ ಬಾಯಿ, ನೀರು ಬೇಕಾ ಯಜಮಾನ್ರೆ ಅಂತಾಳೆ ದೀಪಿಕ, ಅವರ ಹೆಸರು ಹೇಳಿ, ಬರ್ಕೋತೀನಿ. ಚಿ ಅನ್ನುತ್ತಾನೆ, ಮುಂದಿನ ಅಕ್ಷರ ಬರುವುದಿಲ್ಲ, ಬಾಗಿಲು ಮುಚ್ಚುತ್ತಿದೆ, ಸಂದಿಯಲ್ಲಿ ಎಡಗೈ, ಸೊಟ್ಟ ಮಣಿಕಟ್ಟು, ಧೂಳು ಹಿಡಿದ ನಾಲ್ಕು ಬೆರಳು, ತೆಗೆಯೇ ಕೈನ, ತೆಗೆಯಲಿಲ್ಲ, ಇವನು ತಳ್ಳುತ್ತಿದ್ದಾನೆ, ನಾಲ್ಕು ಬೆರಳು, ಹಲಗೆಯ ಮೇಲೆ, ಇನ್ನೂ ಅಲ್ಲೇ